ಹುಟ್ಟಿದಾಗ ಕೆಂಪಗಿದ್ದ ಕೂಸು ನಾಲ್ಕು ತಿಂಗಳಿಗೆ ಕಪ್ಪಾಯಿತೇಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹರಿಹರ. ಬಾಣಂತನಕ್ಕೆ ತವರಿಗೆ, ಹೊಳಲ್ಕೆರೆಗೆ ಹೋಗಿದ್ದೆ. ಮಗಳು ಹುಟ್ಟಿದಾಗ ಕೆಂಪಗೆ, ದುಂಡುದುಂಡಗೆ ಇದ್ದಳು. ಈಗ ನಾಲ್ಕು ತಿಂಗಳು. ಗಂಡನ ಮನೆಗೆ ಬರುವಷ್ಟರಲ್ಲಿ ನನಗಿಂತಲೂ ಕಪ್ಪಾಗಿದ್ದಾಳೆ. ನಾನು ಎಣ್ಣೆಗೆಂಪು, ನಮ್ಮ ಯಜಮಾನರು ಕೆಂಪು. ‘ನಮ್ಮ ವಂಶದಾಗ ಇಂಥ ಬಣ್ಣ ಯಾರಿಗೂ ಇಲ್ಲ, ಇದು ಯಾರ ಹೋಲಿಕಿಯೋ’ ಅಂತ ಅತ್ತೆ ಬಂದವರೆದುರೆಲ್ಲ ಅನ್ನುತ್ತಾರೆ. ಬಸುರಿಯಲ್ಲಿ ಕಬ್ಬಿಣದ ಮಾತ್ರೆ ನುಂಗಿದ್ದಕ್ಕೆ ಹೀಗಾಯಿತು, ಕೇಸರಿ ಹಾಲು ಕುಡಿ ಅಂದರೆ ಕುಡಿಯಲಿಲ್ಲ ಅಂತಲೂ ಮಾತು ಬರುತ್ತಿದೆ. ಬೇಜಾರಾಗಿ ಮಾತ್ರೆ ಬಿಟ್ಟಿದ್ದೇನೆ. ಕೂಸಿನ ಬಣ್ಣ ಮತ್ತೆ ತಿರುಗುತ್ತದೆಯೇ? ಎರಡನೆಯದೂ ಹೀಗೇ ಆಗುತ್ತದೆಯೇ?

ಉತ್ತರ: ತಂಗೀ, ಬಣ್ಣದ ಮಾತು ಆಮೇಲೆ. ಆ ಮಾತ್ರೆಯನ್ನು ಇವತ್ತು ರಾತ್ರಿ ಊಟವಾದ ಮೇಲೆ ಮತ್ತೆ ಶುರು ಮಾಡಿ. ಬಸುರಿಗೆ ನಾಲ್ಕನೇ ತಿಂಗಳಿಂದ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ, ದಿನಕ್ಕೊಂದು. ಆಶಾ ಅಕ್ಕ ಮನೆಗೆ ತಂದುಕೊಡುವ ಮಾತ್ರೆಯ ಲೆಕ್ಕ ಇದು. ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ನಿಮಗೆ ಇನ್ನೂ ಎರಡು ತಿಂಗಳ ಮಾತ್ರೆ ಬಾಕಿ ಇದೆ. ನುಂಗಿದ ಕೂಡಲೇ ಚಹಾ ಕುಡಿಯಬೇಡಿ, ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಮಾತ್ರೆ ನುಂಗಿದರೆ ಕೂಸು ಕಪ್ಪಾಗುತ್ತದೆ ಎನ್ನುವ ಮಾತನ್ನು ನಾನು ದಾವಣಗೆರೆಯಲ್ಲಿ ಕೂತು ಕೇಳಿದಷ್ಟು ಸಲ ಬೇರಾವ ಮಾತನ್ನೂ ಕೇಳಿಲ್ಲ. ಜಗಳೂರು ಕಡೆಯಿಂದ ಬಂದವರೂ ಹೇಳುತ್ತಾರೆ, ಇಲ್ಲೇ ಪಿ.ಜೆ. ಬಡಾವಣೆಯಲ್ಲಿ ಮನೆ ಕಟ್ಟಿಕೊಂಡ ಇಂಜಿನಿಯರರ ಹೆಂಡತಿಯೂ ಹೇಳುತ್ತಾಳೆ. ಎಲ್ಲಿಂದ ಹುಟ್ಟಿತೋ ಈ ಮಾತು ಎಂದು ಯೋಚಿಸಿದರೆ ನನಗೆ ತೋಚುವುದು ಒಂದೇ: ಮಾತ್ರೆ ತೆಗೆದುಕೊಂಡವರಿಗೆ ಮಲ ಕರ್ರಗೆ ಹೋಗುತ್ತದೆ. ಮೈಗೆ ಸೇರದೆ ಉಳಿದ ಕಬ್ಬಿಣ ಹಾಗೆ ಹೊರಬೀಳುತ್ತದೆ, ಅಷ್ಟೇ. ಅದನ್ನು ಕಂಡ ಹೆಂಗಸರು ‘ಒಳಗಿರೋ ಕೂಸಿಗೂ ಇದೇ ಬಣ್ಣ ಹತ್ತುತ್ತೆ’ ಅಂದುಕೊಂಡಿರಬೇಕು. ಚರ್ಮದ ಕಪ್ಪು ಬಣ್ಣಕ್ಕೆ ಮೆಲನಿನ್ ಅಂತ ಹೆಸರು. ಅದು ತಯಾರಾಗುವುದು ಟೈರೋಸಿನ್ ಎನ್ನುವ, ಬೇಳೆ ಹಾಲು ಎಲ್ಲದರಲ್ಲೂ ಇರುವ ಪ್ರೋಟೀನಿನ ತುಣುಕಿನಿಂದ. ಕಬ್ಬಿಣ ಸೇರುವುದು ರಕ್ತದ ಕೆಂಪಿಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತ ಕಡಿಮೆ. ಇದರ ನಡುವೆ ಬಣ್ಣದ ಹೆದರಿಕೆಗೆ ಮಾತ್ರೆಯನ್ನು ಬಚ್ಚಲಿಗೆ ಚೆಲ್ಲುವವರನ್ನು ಕಂಡರೆ ಸಿಟ್ಟು ಬರುತ್ತದೆ. ಚೆಲ್ಲಿದವಳ ಮೇಲಲ್ಲ, ಚೆಲ್ಲುವಂತೆ ಮಾಡಿದವರ ಮೇಲೆ.

ಈಗ ನಿಮ್ಮ ಮಗಳ ವಿಷಯ. ಆಕೆ ಹುಟ್ಟಿದಾಗ ‘ಕೆಂಪಗಿದ್ದಳು’ ಅಂದಿರಿ. ಸರಿಯಾಗೇ ಹೇಳಿದ್ದೀರಿ, ಅದು ಕೆಂಪೇ, ಬಿಳುಪಲ್ಲ. ಆಗ ತಾನೇ ಹುಟ್ಟಿದ ಕೂಸಿನ ಚರ್ಮ ಬಲು ತೆಳು, ಕೆಳಗೆ ಹರಿಯುವ ರಕ್ತ ಹೊರಗೇ ಕಾಣುತ್ತದೆ. ಆ ರಕ್ತವೂ ದಟ್ಟ. ದೊಡ್ಡವರಲ್ಲಿ ಹಿಮೋಗ್ಲೋಬಿನ್ 12–13 ಇದ್ದರೆ ಖುಷಿಪಡುತ್ತೇವೆ, ಹುಟ್ಟಿದ ಕೂಸಿಗೆ 16–18 ಇರುತ್ತದೆ. ಹೊಟ್ಟೆಯೊಳಗೆ ಆಮ್ಲಜನಕ ಕಡಿಮೆ, ಅದಕ್ಕೆ ಅಷ್ಟು ರಕ್ತ ಬೇಕಿತ್ತು. ಹೊರಗೆ ಬಂದು ಉಸಿರಾಡತೊಡಗಿದ ಮೇಲೆ ಬೇಡ. ಎರಡು ಎರಡೂವರೆ ತಿಂಗಳು ತುಂಬುವ ಹೊತ್ತಿಗೆ ಅದು 11ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಆ ಕೆಂಪು ಇಳಿದೇ ಇಳಿಯುತ್ತದೆ. ಇದೇ ಹೊತ್ತಿನಲ್ಲಿ, ಹೊಟ್ಟೆಯೊಳಗೆ ಅರೆನಿದ್ದೆಯಲ್ಲಿದ್ದ ಮೆಲನಿನ್ ತಯಾರಿಕೆ ಚುರುಕಾಗುತ್ತದೆ. ಒಂದು ಕಡೆ ಕೆಂಪು ಇಳಿಯುತ್ತದೆ, ಇನ್ನೊಂದು ಕಡೆ ಕೂಸಿನ ಸ್ವಂತ ಬಣ್ಣ ಏರುತ್ತದೆ. ನೋಡುವವರಿಗೆ ‘ಬಣ್ಣ ಕೆಟ್ಟಿತು’ ಅನ್ನಿಸುತ್ತದೆ. ಜೊತೆಗೆ, ಹೊಳಲ್ಕೆರೆಯ ಮಬ್ಬುಗತ್ತಲ ಬಾಣಂತಿ ಕೋಣೆಯಲ್ಲಿ ಕಂಡ ಕೂಸಿಗೂ ಹರಿಹರದ ಪಡಸಾಲೆಯ ಬಿಸಿಲಲ್ಲಿ ಕಂಡ ಕೂಸಿಗೂ ಹೋಲಿಕೆ ಮಾಡುವುದು ಹೇಗೆ?

ಸುಮಾರು ಆರು ತಿಂಗಳಿಗೆ ಬಣ್ಣ ಒಂದು ಹದಕ್ಕೆ ನಿಲ್ಲುತ್ತದೆ. ಆಮೇಲೂ ಅಲ್ಪಸ್ವಲ್ಪ ಬದಲಾಗಬಹುದು. ಹುಟ್ಟಿದಾಗಿನ ಆ ಕೆಂಪು ಮಾತ್ರ ಮತ್ತೆ ಬರುವುದಿಲ್ಲ. ಬಂದರೆ ನಾನೇ ಚಿಂತೆ ಮಾಡಬೇಕಾಗುತ್ತದೆ.

ನಮ್ಮ ಕಡೆ ಕೂಸಿಗೆ ಎರೆಯುವ ಅಜ್ಜಿಯಂದಿರಿಗೆ ಇದು ಗೊತ್ತಿತ್ತು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ದಿನಗಳಲ್ಲಿ ಒಬ್ಬ ಅಜ್ಜಿ ಮೂರು ದಿನದ ಕೂಸಿನ ಕಿವಿಯನ್ನು ಮಡಚಿ ನೋಡಿ, ‘ಈಗ ಕೆಂಪು ಕಾಣ್ತೈತಿ, ಆದ್ರ ಕಿವಿ ಅಂಚು ನೋಡ್ರಿ, ಇದು ಅಪ್ಪನ ಬಣ್ಣಕ್ಕ ಬರತೈತಿ’ ಅಂದಿದ್ದಳು. ನಗಬೇಕೆನಿಸಿತ್ತು. ಕಿವಿಯ ಅಂಚು, ಉಗುರಿನ ಬುಡ, ಗುಪ್ತಾಂಗದ ಚರ್ಮ — ಇಲ್ಲೆಲ್ಲ ಬಣ್ಣ ಮುಂಚೆಯೇ ಕಾಣಿಸಿಕೊಳ್ಳುತ್ತದೆ ಎನ್ನುವುದು ಆಮೇಲೆ ನೂರಾರು ಕೂಸುಗಳನ್ನು ನೋಡಿದ ಮೇಲೆ ನನಗೂ ಮನದಟ್ಟಾಯಿತು.

ಹಾಗಾದರೆ ಈ ‘ಸ್ವಂತ ಬಣ್ಣ’ವನ್ನು ಗೊತ್ತುಮಾಡುವುದು ಯಾವುದು? ಒಂದು ವಿಷಯ ಕೇಳಿದರೆ ನಿಮ್ಮ ಅತ್ತೆಗೂ ಆಶ್ಚರ್ಯವಾಗಬಹುದು. ಬಣ್ಣ ತಯಾರಿಸುವ ಜೀವಕಣಗಳ ಸಂಖ್ಯೆ ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚೂಕಡಿಮೆ ಒಂದೇ. ವ್ಯತ್ಯಾಸ ಇರುವುದು ಆ ಕಣಗಳು ಕಟ್ಟುವ ಬಣ್ಣದ ಪೊಟ್ಟಣಗಳಲ್ಲಿ. ಕಪ್ಪು ಮೈಯವರಲ್ಲಿ ಪೊಟ್ಟಣ ದೊಡ್ಡದು, ಹೆಚ್ಚು, ಬಿಡಿಬಿಡಿಯಾಗಿ ಚರ್ಮದ ತುಂಬ ಹರಡಿಕೊಂಡಿರುತ್ತವೆ, ಬೇಗ ಕರಗುವುದಿಲ್ಲ. ಬೆಳ್ಳಗಿರುವವರಲ್ಲಿ ಚಿಕ್ಕವು, ಗುಂಪುಗುಂಪಾಗಿ ಕಟ್ಟಿಕೊಂಡಿರುತ್ತವೆ, ಬೇಗ ಕರಗುತ್ತವೆ. ಪೊಟ್ಟಣ ಎಷ್ಟು ದೊಡ್ಡದಿರಬೇಕು, ಎಷ್ಟು ತುಂಬಬೇಕು, ಯಾವ ಬಗೆಯ ಬಣ್ಣ ತುಂಬಬೇಕು ಎಂಬ ಆಜ್ಞೆಗಳೇ ವಂಶವಾಹಿಗಳು, ಅಂದರೆ ಜೀನುಗಳು. ಬಣ್ಣದ ಮೇಲೆ ಕೈಯಾಡಿಸುವ ಜೀನುಗಳು ನೂರಕ್ಕೂ ಹೆಚ್ಚಿವೆ.

ನಮ್ಮ ಜನ ಇದನ್ನು ಚಹಾದಂತೆ ತಿಳಿಯುತ್ತಾರೆ. ಅಪ್ಪನ ಕಡೆಯ ಹಾಲು, ಅಮ್ಮನ ಕಡೆಯ ಡಿಕಾಕ್ಷನ್, ಬೆರೆಸಿದರೆ ನಡುವಿನ ಬಣ್ಣ ಬರಲೇಬೇಕು ಅಂತ. ಹಾಗಿದ್ದಿದ್ದರೆ ನಾಲ್ಕು ತಲೆಮಾರಿನಲ್ಲಿ ಇಡೀ ದಾವಣಗೆರೆ ಒಂದೇ ಬಣ್ಣಕ್ಕೆ ಬಂದುಬಿಡುತ್ತಿತ್ತು. ಬಂದಿಲ್ಲವಲ್ಲ. ಅಶೋಕ ರಸ್ತೆಯಲ್ಲಿ ಹತ್ತು ನಿಮಿಷ ನಿಂತು ನೋಡಿ, ಒಂದೇ ಮನೆಯ ಅಣ್ಣತಮ್ಮಂದಿರೇ ನಾಲ್ಕು ಬಣ್ಣದಲ್ಲಿ ಹೋಗುತ್ತಾರೆ. ನಾನು ಕರ್ರಗಿದ್ದೇನೆ, ನನ್ನ ಬೆನ್ನಿಗೆ ಹುಟ್ಟಿದ ತಂಗಿ ಕೆಂಪು. ಚಿಕ್ಕವರಿದ್ದಾಗ ನನ್ನನ್ನು ‘ಆಸ್ಪತ್ರೆಯಲ್ಲಿ ಅದಲು ಬದಲಾದವಳು’ ಅಂತ ಸೋದರಮಾವ ರೇಗಿಸುತ್ತಿದ್ದ. ಅವನ ತಮಾಷೆಗೆ ನಾನು ಅತ್ತದ್ದೂ ಉಂಟು.

ಚಳ್ಳಕೆರೆಯಲ್ಲಿ ನಮ್ಮಜ್ಜಿ ಚೌಕಾಬಾರ ಆಡಲು ಕವಡೆ ಇಲ್ಲದಾಗ ಹುಣಸೆ ಬೀಜವನ್ನು ಕಟ್ಟೆಯ ಕಲ್ಲಿಗೆ ಉಜ್ಜಿ ಒಂದು ಬದಿ ಬೆಳ್ಳಗೆ ಮಾಡುತ್ತಿದ್ದಳು. ಒಂದು ಬದಿ ಕಪ್ಪು, ಒಂದು ಬದಿ ಬಿಳಿ. ಅಂಗೈಯಲ್ಲಿ ಕುಲುಕಿ ಎಸೆದರೆ ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ ನಡೆ. ವಂಶದ ಲೆಕ್ಕ ಥೇಟ್ ಇದೇ. ಪ್ರತಿಯೊಬ್ಬರಲ್ಲೂ ಪ್ರತಿ ಜೀನು ಜೋಡಿಯಾಗಿರುತ್ತದೆ, ಒಂದು ಅಪ್ಪನಿಂದ ಬಂದದ್ದು, ಒಂದು ಅಮ್ಮನಿಂದ. ಆ ಜೋಡಿಯೇ ಬೀಜದ ಎರಡು ಬದಿ. ಕೂಸಿಗೆ ಹೋಗುವುದು ಮೇಲೆ ಬಿದ್ದ ಬದಿ ಒಂದೇ. ಕೆಳಗೆ ಮುಚ್ಚಿಹೋದ ಬದಿ ಅಳಿಯುವುದಿಲ್ಲ, ಅಪ್ಪ ಅಮ್ಮನಲ್ಲಿ ಹಾಗೇ ಉಳಿದಿರುತ್ತದೆ, ಮುಂದಿನ ಎಸೆತಕ್ಕೆ ಕಾಯುತ್ತದೆ.

ಮನೆಯಲ್ಲಿ ಮಾಡಿ ನೋಡಿ. ನೂರು ಜೀನು ಬೇಡ, ಗಂಡನಿಗೆ ಮೂರು ಬೀಜ, ಹೆಂಡತಿಗೆ ಮೂರು ಬೀಜ ಸಾಕು. ಎಲ್ಲವೂ ಒಂದು ಬದಿ ಕಪ್ಪು, ಒಂದು ಬದಿ ಬಿಳಿ. ಅಂದರೆ ಇಬ್ಬರದೂ ಒಂದೇ ನಡುಬಣ್ಣ. ಆರು ಬೀಜ ಒಟ್ಟಿಗೆ ಎಸೆದರೆ ಬೀಳುವ ರೀತಿ 64. ಅದರಲ್ಲಿ 20 ರೀತಿಯಲ್ಲಿ ಮೂರು ಬಿಳಿ ಮೂರು ಕಪ್ಪು, ಅಪ್ಪ ಅಮ್ಮನ ಬಣ್ಣವೇ. ಎರಡು ಬಿಳಿ 15 ರೀತಿ, ನಾಲ್ಕು ಬಿಳಿ 15 ರೀತಿ. ಒಂದೇ ಬಿಳಿ 6, ಐದು ಬಿಳಿ 6. ಎಲ್ಲ ಕಪ್ಪು ಒಂದೇ ಒಂದು, ಎಲ್ಲ ಬಿಳಿ ಒಂದೇ ಒಂದು. ಹೆಚ್ಚು ಮಕ್ಕಳು ನಡುವಿನ ಬಣ್ಣಕ್ಕೇ ಬರುತ್ತಾರೆ. ಆದರೆ ಒಂದೇ ಬಣ್ಣದ ಅಪ್ಪ ಅಮ್ಮನಿಗೆ ಏಳೂ ಬಗೆಯ ಮಕ್ಕಳು ಹುಟ್ಟುವ ದಾರಿ ತೆರೆದೇ ಇರುತ್ತದೆ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನಡುಬಣ್ಣದವರನ್ನು ನಾವು ‘ಗೋಧಿ ಬಣ್ಣ’ ಅನ್ನುತ್ತೇವೆ. ಹಲವು ಜೀನು ಸೇರಿ ಒಂದು ಬಣ್ಣ ಆಗುತ್ತದೆ ಎನ್ನುವುದನ್ನು ಮೊದಮೊದಲು ತೋರಿಸಿಕೊಟ್ಟದ್ದೂ ಗೋಧಿಯೇ! ಸ್ವೀಡನ್ ದೇಶದ ಹರ್ಮನ್ ನಿಲ್ಸನ್-ಏಲೆ ಎಂಬ ವಿಜ್ಞಾನಿ 1909ರ ಸುಮಾರಿಗೆ ಕೆಂಪು ಗೋಧಿಗೂ ಬಿಳಿ ಗೋಧಿಗೂ ತಳಿ ಕೂಡಿಸಿದ. ಮೊಮ್ಮಕ್ಕಳ ತಲೆಮಾರಿನಲ್ಲಿ ಬಗೆಬಗೆಯ ಕೆಂಪಿನ ಕಾಳು ಬಂದವು, ಒಂದು ತಳಿಯಲ್ಲಂತೂ 64ಕ್ಕೆ ಒಂದರಂತೆ ಅಪ್ಪಟ ಬಿಳಿ ಕಾಳು. ಮೂರು ಜೀನುಗಳ ಆಟ, ಮೇಲಿನ ಹುಣಸೆ ಬೀಜದ ಲೆಕ್ಕವೇ. ಶಾಲೆಯಲ್ಲಿ ಓದಿದ ಮೆಂಡೆಲನ ಬಟಾಣಿ ಹಾಗಲ್ಲ. ಅಲ್ಲಿ ಒಂದೇ ಜೀನು, ಹಳದಿ ಇಲ್ಲವೇ ಹಸಿರು, ನಡುವೆ ಏನೂ ಇಲ್ಲ. ಮನುಷ್ಯರ ಬಣ್ಣವನ್ನೂ ಬಟಾಣಿಯಂತೆ ತಿಳಿದವರೇ ‘ಕೆಂಪು ಗಂಡಿಗೆ ಕಪ್ಪು ಕೂಸು ಹ್ಯಾಂಗ?’ ಅಂತ ಕೇಳುವುದು.

ಈಗ ನಿಮ್ಮ ಮನೆಯ ಲೆಕ್ಕಕ್ಕೆ ಬನ್ನಿ. ನೀವು ಎಣ್ಣೆಗೆಂಪು, ನಿಮ್ಮ ಮೂರು ಬೀಜವೂ ಒಂದು ಬದಿ ಕಪ್ಪು ಒಂದು ಬದಿ ಬಿಳಿ ಅನ್ನೋಣ. ನಿಮ್ಮ ಯಜಮಾನರು ಕೆಂಪು: ಅವರ ಒಂದು ಬೀಜ ಎರಡೂ ಬದಿ ಬಿಳಿ, ಉಳಿದೆರಡು ನಿಮ್ಮಂಥವೇ. ಎರಡೂ ಬದಿ ಬಿಳಿ ಇರುವ ಬೀಜ ಹೇಗೆ ಬಿದ್ದರೂ ಬಿಳಿಯೇ, ಅದನ್ನು ಬಿಡಿ. ಉಳಿದ ಐದು ಬೀಜ 32 ರೀತಿಯಲ್ಲಿ ಬೀಳಬಹುದು. ಅದರಲ್ಲಿ 6 ರೀತಿಯಲ್ಲಿ ಕೂಸು ನಿಮಗಿಂತ ಕಪ್ಪಾಗಿ ಬರುತ್ತದೆ. ಹೆಚ್ಚೂಕಡಿಮೆ ಐದು ಮಕ್ಕಳಲ್ಲಿ ಒಂದು! ನಿಜವಾದ ಜೀನುಗಳು ನೂರಾರು, ಕೆಲವು ದೊಡ್ಡ ಬೀಜ, ಕೆಲವು ಎಳ್ಳಿನಷ್ಟು ಚಿಕ್ಕವು, ಹಾಗಾಗಿ ಇದೇ ಅಂಕಿ ನಿಮ್ಮ ಮನೆಗೆ ಹೊಂದುತ್ತದೆ ಅಂತಲ್ಲ. ಆದರೆ ಲೆಕ್ಕದ ದಾರಿ ಇದೇ. ಕೆಂಪಗಿರುವ ನಿಮ್ಮ ಯಜಮಾನರ ಮೈಯಲ್ಲೂ ಕಪ್ಪು ಬದಿಗಳು ಮಲಗಿವೆ, ಅವರಿಗೆ ಅವನ್ನು ಕೊಟ್ಟದ್ದು ಅವರ ಅಪ್ಪ ಅಮ್ಮ. ನಿಮ್ಮ ಅತ್ತೆಯೂ ಒಬ್ಬರು ಇರಬಹುದು.

ಆ ‘ದೊಡ್ಡ ಬೀಜ’ದ ಕಥೆ ಚೆನ್ನಾಗಿದೆ. ನಮ್ಮ ದೇಶದ ಹಳ್ಳಕೊಳ್ಳಗಳಲ್ಲಿ ಪಟ್ಟೆಪಟ್ಟೆ ಇರುವ ಬೆರಳುದ್ದದ ಮೀನೊಂದಿದೆ, ಜೀಬ್ರಾಮೀನು ಅನ್ನುತ್ತಾರೆ. ಪ್ರಯೋಗಾಲಯದಲ್ಲಿ ಅದರದೊಂದು ತಳಿಯ ಪಟ್ಟೆ ಮಾಸಲು ಹೊಂಬಣ್ಣಕ್ಕೆ ತಿರುಗಿತ್ತು. ಯಾಕೆ ಅಂತ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕೀತ್ ಚೆಂಗ್ ಅವರ ತಂಡ ಹುಡುಕುತ್ತ ಹೋಗಿ, 2005ರಲ್ಲಿ ಎಸ್‌ಎಲ್‌ಸಿ24ಎ5 ಎಂಬ ಜೀನನ್ನು ಹಿಡಿಯಿತು. ಅದೇ ಜೀನು ಮನುಷ್ಯರಲ್ಲೂ ಇದೆ, 15ನೇ ಕ್ರೋಮೋಸೋಮಿನಲ್ಲಿ, ಅಂದರೆ ಜೀನುಗಳನ್ನು ಹೊತ್ತ ಎಳೆಗಳಲ್ಲಿ 15ನೆಯದರಲ್ಲಿ. ಜೀನು ಅಂದರೆ ಉದ್ದನೆಯ ಬರಹ ಇದ್ದಂತೆ, ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಚರ್ಮದ ಬಣ್ಣ ತಿಳಿಯಾಗುತ್ತದೆ. ಯುರೋಪಿನವರಲ್ಲಿ ಬಹುಪಾಲು ಎಲ್ಲರಲ್ಲೂ ಆ ಬದಲಾದ ಅಕ್ಷರವೇ. ನಮ್ಮಲ್ಲಿ? ಜೀವಕಣ, ಜೀನುಗಳ ಸಂಶೋಧನೆ ಮಾಡುವ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಸೇರಿ ಮಾಡಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಕ್ಷಿಣ ಭಾರತದ 1,228 ಜನರ ಮೈಬಣ್ಣ ಅಳೆದರು. ಅವರ ನಡುವಿನ ಬಣ್ಣದ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 27 ಪಾಲು ಆ ಒಂದು ಅಕ್ಷರದ್ದು. ಭಾರತ ಉಪಖಂಡದ 54 ಸಮುದಾಯಗಳಲ್ಲಿ ಹುಡುಕಿದಾಗ ಆ ತಿಳಿಬಣ್ಣದ ಅಕ್ಷರ ಉತ್ತರ ದಕ್ಷಿಣ ಎನ್ನದೆ ಹರಡಿಕೊಂಡಿತ್ತು, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ, ಅಷ್ಟೇ. ಉಳಿದ 73 ಪಾಲಿನಲ್ಲಿ ಬೇರೆ ಜೀನುಗಳು, ಬಿಸಿಲು, ವಯಸ್ಸು ಎಲ್ಲ ಬಂದವು. ಹಾಗಾಗಿ ‘ನಮ್ಮ ವಂಶದಾಗ ಇಲ್ಲ’ ಎನ್ನುವ ಮಾತನ್ನು ನಾಲ್ಕು ಫೋಟೋ ನೋಡಿ ಹೇಳಲು ಬರುವುದಿಲ್ಲ. ವಂಶದಲ್ಲಿ ಎಲ್ಲವೂ ಇದೆ. ಕಾಣಿಸಿಕೊಂಡಿರಲಿಲ್ಲ.

‘ಯಾರ ಹೋಲಿಕೆ’ ಎಂಬ ಮಾತಿನ ಹಿಂದೆ ಇನ್ನೊಂದು ಚುಚ್ಚು ಇದ್ದರೆ, ಅದಕ್ಕೂ ನೇರವಾಗಿ ಹೇಳುತ್ತೇನೆ: ಮೈಬಣ್ಣ ನೋಡಿ ಅಪ್ಪ ಯಾರು ಎಂದು ಯಾವ ವೈದ್ಯರೂ ಹೇಳಲಾರರು, ಯಾವ ಕೋರ್ಟೂ ಒಪ್ಪುವುದಿಲ್ಲ. ಇದನ್ನು ನಿಮ್ಮ ಯಜಮಾನರಿಗೆ ಓದಿಸಿ. ಅತ್ತೆಗೆ ಉತ್ತರ ಕೊಡಬೇಕಾದವರು ಅವರು, ನೀವಲ್ಲ.

ಕೇಸರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೀಜ ಎಸೆದದ್ದು ಗರ್ಭ ನಿಂತ ದಿನ. ನೀವು ಬಸುರಿ ಅಂತ ಗೊತ್ತಾಗುವ ಮೊದಲೇ ಆಟ ಮುಗಿದಿತ್ತು. ಆಮೇಲೆ ಕುಡಿದ ಕೇಸರಿ ಹಾಲು, ಎಳನೀರು ಕೂಸಿನ ಜೀನು ತಿದ್ದುವುದಿಲ್ಲ. ಹಾಲು ಒಳ್ಳೆಯದು, ಎಳನೀರೂ ಒಳ್ಳೆಯದು, ರುಚಿಗೆ ನಾಲ್ಕೆಳೆ ಕೇಸರಿ ಹಾಕಿಕೊಂಡರೆ ತೊಂದರೆಯಿಲ್ಲ, ಕಿಸೆಗೆ ತೊಂದರೆ. ಬಸುರಿಯಲ್ಲಿ ನಿಮಗೆ ಮುಖದ ಮೇಲೆ ಬಂಗು ಬಂದಿದ್ದರೆ, ಹೊಟ್ಟೆಯ ನಡುವೆ ಕಪ್ಪು ಗೆರೆ ಮೂಡಿದ್ದರೆ, ಅದು ಹಾರ್ಮೋನಿನಿಂದ. ಅದೂ ಕೂಸಿಗೆ ದಾಟುವುದಿಲ್ಲ. ಬಿಸಿಲಿಗೆ ಕಪ್ಪಾದ ಮೈಯೂ ಅಷ್ಟೇ. ನಿಜವಾದ ಬಣ್ಣ ನೋಡಬೇಕೆಂದರೆ ಮೇಲ್ದೋಳಿನ ಒಳಬದಿ ನೋಡಬೇಕು, ಅಧ್ಯಯನ ಮಾಡುವವರು ಅಳೆಯುವುದೂ ಅಲ್ಲೇ. ನಿಮ್ಮ ತೋಳಿನ ಒಳಬದಿಯನ್ನು ಮಗಳ ಹೊಟ್ಟೆಯ ಪಕ್ಕ ಹಿಡಿದು ನೋಡಿ. ‘ನನಗಿಂತಲೂ ಕಪ್ಪು’ ಎಂಬ ಮಾತು ಆಗಲೂ ನಿಲ್ಲುತ್ತದೆಯೋ ಇಲ್ಲವೋ.

ಈಗ ನನಗೆ ಹೆದರಿಕೆ ಇರುವುದು ಮುಂದೆ ನಡೆಯುವುದರ ಬಗ್ಗೆ. ಕೂಸು ಕಪ್ಪು ಅಂತ ಮನೆಯಲ್ಲಿ ಮಾತು ಶುರುವಾದರೆ ಕಡಲೆಹಿಟ್ಟು, ಅರಿಶಿನ, ಕೆನೆ ಕಲಸಿ ಉಜ್ಜುವುದು ಶುರುವಾಗುತ್ತದೆ. ಹುಟ್ಟುಕೂದಲು ಹೋಗಲಿ ಅಂತ ಹಿಟ್ಟಿನ ಉಂಡೆ ಉರುಳಿಸುತ್ತಾರೆ. ಆ ಕೂದಲು ತಾನಾಗೇ ಉದುರುತ್ತದೆ. ಹೋದ ವರ್ಷ ಮೂರು ತಿಂಗಳ ಕೂಸೊಂದನ್ನು ತಂದಿದ್ದರು. ಎರಡೂ ಕೆನ್ನೆ, ಕತ್ತಿನ ಮಡಿಕೆ ತರಚಿ ಕೀವು ಕಟ್ಟಿತ್ತು, ಮುಟ್ಟಿದರೆ ಕಿರುಚುತ್ತಿತ್ತು. ‘ಬಣ್ಣ ಬರ್ಲಿ ಅಂತ ಸ್ವಲ್ಪ ಜೋರಾಗಿ ಉಜ್ಜಿದ್ವಿ’ ಅಂದರು. ಎರೆಯುವುದಕ್ಕೆ ನನ್ನ ತಕರಾರಿಲ್ಲ. ಉಗುರುಬೆಚ್ಚಗಿನ ನೀರು, ಕೊಬ್ಬರಿ ಎಣ್ಣೆ, ಮೆತ್ತಗಿನ ಕೈ ಇದ್ದರೆ ಕೂಸು ಚೆನ್ನಾಗಿ ನಿದ್ದೆ ಮಾಡುತ್ತದೆ. ಉಜ್ಜಿದರೆ ಬಣ್ಣ ಹೋಗುವುದಿಲ್ಲ, ಚರ್ಮ ಹೋಗುತ್ತದೆ.

ಮುಲಾಮಿನದು ಇನ್ನೂ ಕೆಟ್ಟ ಕಥೆ. ಪಕ್ಕದ ಮನೆಯವರು ಹೇಳಿದರೆಂದು ತರುವ ಎಷ್ಟೋ ‘ಬೆಳ್ಳಗಾಗುವ’ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಕೆಲವು ಕ್ರೀಮುಗಳಲ್ಲಿ ಪಾದರಸವೂ ಸಿಕ್ಕಿದೆ. ಹಚ್ಚಿದ ಮೊದಲ ವಾರ ತಿಳಿಯಾದಂತೆ ಕಾಣುತ್ತದೆ. ಆಮೇಲೆ ಚರ್ಮ ಕಾಗದದಷ್ಟು ತೆಳ್ಳಗಾಗಿ ರಕ್ತನಾಳ ಎದ್ದು ಕಾಣುತ್ತವೆ. ಕೂಸಿನ ಮೈಯಲ್ಲಿ ಅದು ರಕ್ತಕ್ಕೂ ಇಳಿದು ಬೆಳವಣಿಗೆಗೇ ಅಡ್ಡಬರುತ್ತದೆ. ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ಆದೇಶ ಮಾಡಿದೆ. ಆದೇಶ ಆದೇಶದ ಜಾಗದಲ್ಲಿದೆ, ಟ್ಯೂಬು ಅಂಗಡಿಯಲ್ಲಿದೆ.

ಹಾಗಂತ ಕೂಸಿನ ಬಣ್ಣವನ್ನು ನಾವು ವೈದ್ಯರು ನೋಡುವುದೇ ಇಲ್ಲ ಅಂದುಕೊಳ್ಳಬೇಡಿ. ಬಹಳ ನೋಡುತ್ತೇವೆ, ಬೇರೆ ಕಾರಣಕ್ಕೆ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಇಲ್ಲವೇ ಹಳದಿ ಅಂಗಾಲಿನವರೆಗೆ ಇಳಿದರೆ ಓಡಿ ಬರಬೇಕು. ಕಪ್ಪಗಿರುವ ಕೂಸಿನಲ್ಲಿ ಕಾಮಾಲೆ ಬೇಗ ಗೊತ್ತಾಗುವುದಿಲ್ಲ, ಕಣ್ಣಿನ ಬಿಳಿ, ವಸಡು ನೋಡಬೇಕು, ಅದೂ ಕಿಟಕಿಯ ಬೆಳಕಿನಲ್ಲಿ. ಎರಡು ವಾರ ದಾಟಿದರೂ ಹಳದಿ ಹೋಗದೆ ಮಲ ಸುಣ್ಣದಂತೆ ಬಿಳಿಚಿದ್ದರೆ ಪಿತ್ತನಾಳದ ತೊಂದರೆ ಇರಬಹುದು. ಅದಕ್ಕೆ ಎರಡು ತಿಂಗಳೊಳಗೆ ಆಪರೇಷನ್ ಆದರೆ ಒಳ್ಳೆಯ ಫಲ. ತುಟಿ ನಾಲಗೆ ನೀಲಿಯಾದರೆ ಹೃದಯ, ಶ್ವಾಸಕೋಶ ನೋಡಬೇಕು. ಕೈಕಾಲು ಮಾತ್ರ ಮೊದಲ ಒಂದೆರಡು ದಿನ ನೀಲಿಯಿದ್ದರೆ ಚಳಿಗೆ, ಹೆದರಬೇಡಿ. ಬೆನ್ನು, ಕುಂಡೆಯ ಮೇಲಿನ ನೀಲಿ ಮಚ್ಚೆ ನಮ್ಮ ಮಕ್ಕಳಲ್ಲಿ ಸಾಮಾನ್ಯ. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ, ಶಾಲೆಗೆ ಸೇರಿಸುವ ಹೊತ್ತಿಗೆ ಸಾಮಾನ್ಯವಾಗಿ ಮಾಯವಾಗುತ್ತದೆ. ಹುಟ್ಟಿದ ಎರಡು ಮೂರನೇ ವಾರದಲ್ಲಿ ಗುಪ್ತಾಂಗ, ಮೊಲೆತೊಟ್ಟು ವಿಪರೀತ ಕಪ್ಪಾಗಿ, ವಾಂತಿಯಾಗಿ, ತೂಕ ಇಳಿಯುತ್ತಿದ್ದರೆ ಅದು ಮೂತ್ರಪಿಂಡದ ಮೇಲಿರುವ ಗ್ರಂಥಿಯ ತೊಂದರೆ ಇರಬಹುದು, ತಡಮಾಡುವಂತಿಲ್ಲ.

ಇನ್ನೊಂದು ಕಪ್ಪು ಇದೆ. ನೀವು ಸಸ್ಯಾಹಾರಿಗಳಾಗಿದ್ದರೆ ಇದನ್ನು ಎರಡು ಸಲ ಓದಿ. ಬೆರಳಿನ ಗಿಣ್ಣುಗಳ ಮೇಲೆ ಮಸಿ ಒತ್ತಿದಂತೆ ಕಪ್ಪು, ಪಾದದ ಮೇಲೂ. ಕೂದಲು ತೆಳ್ಳಗೆ ಕೆಂಚಗೆ. ಮುಖ ಬಿಳಿಚು. ಮೊದಲು ನಗುತ್ತಿದ್ದ ಕೂಸು ನಗುವುದನ್ನು ಬಿಟ್ಟು ಸುಮ್ಮನೆ ಬಿದ್ದುಕೊಂಡಿರುತ್ತದೆ, ಕತ್ತು ನಿಂತಿದ್ದದ್ದು ಮತ್ತೆ ವಾಲುತ್ತದೆ. ಇದು ಬಿ12 ಕೊರತೆ. ತಾಯಿಯಲ್ಲಿ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲೂ ಇರುವುದಿಲ್ಲ, ಎದೆಹಾಲೊಂದನ್ನೇ ಕುಡಿಯುವ ಕೂಸಿಗೆ ನಾಲ್ಕರಿಂದ ಹತ್ತು ಹನ್ನೆರಡು ತಿಂಗಳೊಳಗೆ ತೊಂದರೆ ಕಾಣಿಸಿಕೊಳ್ಳುತ್ತದೆ. ಸೊಪ್ಪು, ಕಾಳು, ರೊಟ್ಟಿಯಲ್ಲಿ ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ ಮಾತ್ರ. ಬಾಣಂತಿಗೆ ‘ಮೊಸರು ಶೀತ’ ಅಂತ ಅದನ್ನೂ ಬಿಡಿಸಿ, ಬರೀ ಮೆಣಸಿನ ಸಾರು ಅನ್ನದಲ್ಲಿ ಮೂರು ತಿಂಗಳು ಕೂರಿಸುವ ಮನೆಗಳಿವೆ. ಇಂಥ ಕೂಸಿಗೆ ಬಿ12 ಇಂಜೆಕ್ಷನ್ ಕೊಟ್ಟರೆ ದಿನಗಳಲ್ಲೇ ಕಣ್ಣು ಚುರುಕಾಗುತ್ತದೆ, ಗಿಣ್ಣಿನ ಕಪ್ಪು ಮೆಲ್ಲಗೆ ತಿಳಿಯಾಗುತ್ತದೆ. ಬಣ್ಣ ನಿಜಕ್ಕೂ ‘ತಿರುಗುವ’ ಸಂದರ್ಭ ಅಂತ ನಾನು ಕಂಡಿರುವುದು ಇದೊಂದನ್ನೇ. ‘ಕೂಸು ಬಿಸಿಲಿಗೆ ಕಪ್ಪಾಗಿದೆ’ ಅಂತ ಎರಡು ತಿಂಗಳು ಮನೆಯಲ್ಲೇ ಇಟ್ಟುಕೊಂಡು ತಡವಾಗಿ ತಂದವರೂ ಇದ್ದಾರೆ.

ಎರಡನೆಯದರ ಬಗ್ಗೆ ಕೇಳಿದಿರಿ. ಬೀಜಕ್ಕೆ ನೆನಪಿಲ್ಲ. ಹಿಂದಿನ ಎಸೆತದಲ್ಲಿ ಏನು ಬಿತ್ತು ಎನ್ನುವುದು ಮುಂದಿನ ಎಸೆತಕ್ಕೆ ಗೊತ್ತಿರುವುದಿಲ್ಲ. ಅದೇ ಆರು ಬೀಜ, ಅದೇ ಲೆಕ್ಕ. ನಿಮಗೂ ಯಜಮಾನರಿಗೂ ಸೋದರಿಕೆಯಲ್ಲಿ ಮದುವೆಯಾಗಿದೆಯೋ ಇಲ್ಲವೋ ಬರೆದಿಲ್ಲ. ಆಗಿದ್ದರೆ ಒಂದು ಸೂಕ್ಷ್ಮ ಹೇಳಬೇಕು. ಮೈ, ಕೂದಲು, ರೆಪ್ಪೆ ಎಲ್ಲ ಬೆಳ್ಳಗಾಗಿ, ಬೆಳಕಿಗೆ ಕಣ್ಣು ಬಿಡಲಾಗದ ಆಲ್ಬಿನಿಸಂ ಇದೆಯಲ್ಲ, ಅದಕ್ಕೆ ಅಪ್ಪ ಅಮ್ಮ ಇಬ್ಬರಿಂದಲೂ ಒಂದೇ ಕೆಟ್ಟ ಜೀನು ಬರಬೇಕು. ಇಬ್ಬರೂ ಅದನ್ನು ಒಳಗೆ ಹೊತ್ತಿದ್ದರೆ ಪ್ರತಿ ಬಸುರಿಯಲ್ಲೂ ನಾಲ್ಕಕ್ಕೊಂದು ಸಾಧ್ಯತೆ. ಅತ್ತೆ ಮಗನೋ ಸೋದರಮಾವನೋ ಆದರೆ ಒಂದೇ ಅಜ್ಜ ಅಜ್ಜಿಯ ಜೀನು ಎರಡೂ ಕಡೆ ಇರುವ ಸಂಭವ ಹೆಚ್ಚು. ನಿಮ್ಮ ಮನೆತನದಲ್ಲಿ ಅಂಥ ಮಕ್ಕಳು ಇಲ್ಲದಿದ್ದರೆ ಇದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಇದು ತೊನ್ನು ಅಲ್ಲ, ತೊನ್ನಿನ ಕಥೆಯೇ ಬೇರೆ.

ಕಪ್ಪು ಮೈಗೆ ಒಂದು ಲಾಭವೂ ಇದೆ. ಸೂರ್ಯನ ನೇರಳಾತೀತ ಕಿರಣಕ್ಕೆ ಮೆಲನಿನ್ ಕೊಡೆ ಹಿಡಿದಂತೆ. ಅದು ಚರ್ಮ ಸುಡುವುದನ್ನು, ಚರ್ಮದ ಕ್ಯಾನ್ಸರನ್ನು ತಡೆಯುತ್ತದೆ, ರಕ್ತದಲ್ಲಿರುವ ಫೋಲೇಟ್ ಎಂಬ ವಿಟಮಿನ್ ಒಡೆದುಹೋಗದಂತೆ ಕಾಯುತ್ತದೆ. ಹಿರಿಯೂರು, ಮೊಳಕಾಲ್ಮೂರಿನ ಏಪ್ರಿಲ್ ಬಿಸಿಲು ಕಂಡವರಿಗೆ ನಾನೇನು ಹೇಳಲಿ. ಬೆಲೆಯಾಗಿ ತೆರಬೇಕಾದ್ದು ಇಷ್ಟೇ: ಅದೇ ಕೊಡೆ ವಿಟಮಿನ್ ಡಿ ತಯಾರಾಗುವುದನ್ನೂ ಸ್ವಲ್ಪ ತಡೆಯುತ್ತದೆ. ಬಣ್ಣ ಯಾವುದೇ ಇರಲಿ, ಎದೆಹಾಲು ಕುಡಿಯುವ ಎಲ್ಲ ಕೂಸಿಗೂ ವರ್ಷ ತುಂಬುವವರೆಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಹನಿ ಹಾಕಬೇಕು. ನೀವು ಹಾಕುತ್ತಿದ್ದೀರಾ? ಒಂದು ಮಿಲಿಗೆ 400 ಯೂನಿಟ್ ಇರುವ ಬಾಟಲಿ, 800 ಇರುವ ಬಾಟಲಿ ಎರಡೂ ಸಿಗುತ್ತವೆ, ಮೇಲೆ ಬರೆದದ್ದು ನೋಡಿಕೊಂಡು ಹಾಕಿ.

ಮಗಳ ಬಣ್ಣದ ಬಗ್ಗೆ ಇಷ್ಟೆಲ್ಲ ಬರೆದಿರಿ, ತೂಕ ಬರೆಯಲಿಲ್ಲ. ಹುಟ್ಟಿದಾಗಿನ ತೂಕ ಐದು ತಿಂಗಳ ಹೊತ್ತಿಗೆ ಎರಡರಷ್ಟಾಗಬೇಕು. ನಿಮ್ಮನ್ನು ಕಂಡರೆ ನಗುತ್ತಾಳಾ? ಎತ್ತಿಕೊಂಡರೆ ಕತ್ತು ನಿಲ್ಲಿಸುತ್ತಾಳಾ? 14 ವಾರದ ಲಸಿಕೆ ಹರಿಹರದಲ್ಲಿ ಆಯಿತೋ, ಊರು ಬದಲಾಯಿಸುವ ಗಡಿಬಿಡಿಯಲ್ಲಿ ತಪ್ಪಿತೋ? ತಾಯಿ ಕಾರ್ಡ್ ತೆಗೆದು ನೋಡಿ, ಈ ನಾಲ್ಕಕ್ಕೂ ಉತ್ತರ ಬರೆದು ಕಳಿಸಿ.